ಮೊದಲು ನಕ್ಕವರು ಯಾರು

ನಮ್ಮ ಹವಾಲ್ದಾರ ಕಾಕಾನ ಎಡಗಿವಿಗೆ ಹಾಲೆ ಇರಲಿಲ್ಲ. ಕಿವಿಯ ಕೆಳಗಿನ ಅರ್ಧ ಹರಿದು ಹೋಗಿ, ಉಳಿದ ಅಂಚು ಗಂಟುಗಂಟಾಗಿ ಬೆಳೆದು ನಿಂತಿತ್ತು. ಯಾರಾದರೂ ಮಾತಾಡುವುದನ್ನು ಕೇಳುವಾಗ ಅವರ ಎಡಗೈ ತಾನಾಗಿಯೇ ಮೇಲೆ ಹೋಗುತ್ತಿತ್ತು. ಹಾಲೆ ಇರಬೇಕಾದ ಜಾಗದಲ್ಲಿ ಎರಡು ಬೆರಳು ಗಾಳಿಯನ್ನೇ ಹಿಚುಕುತ್ತಿದ್ದವು. ಎದುರಿನವರು ಸುಳ್ಳು ಹೇಳುತ್ತಿದ್ದರೆ ಬೆರಳು ಜೋರಾಗಿ ಹಿಚುಕುತ್ತವೆ ಎಂದು ನಾವು ಓಣಿಯ ಮಕ್ಕಳೆಲ್ಲ ನಂಬಿದ್ದೆವು. ಹಾಗಾಗಿ ಅವರ ಮುಂದೆ ಸುಳ್ಳು ಹೇಳಬೇಕಾಗಿ ಬಂದಾಗ ಅವರ ಬಲಗಡೆ ನಿಲ್ಲುತ್ತಿದ್ದೆವು.

ಓಣಿ ಅಂದರೆ ಗೋಳಗುಮ್ಮಟದ ಹಿಂಬದಿಯದು. ಊರೂರಿನಿಂದ ಬಂದ ಮಂದಿ ಗುಮ್ಮಟದೊಳಗೆ ಕೂಗಿ, ತಮ್ಮದೇ ಕೂಗು ತಿರುಗಿ ಬಂದದ್ದನ್ನು ಕೇಳಿ ಖುಷಿಪಟ್ಟು ಬಸ್ಸು ಹತ್ತುತ್ತಾರೆ. ಹಿಂದೆ ನಾವು ಇಷ್ಟು ಜನ ಬಾಳೇವು ಮಾಡಿಕೊಂಡಿದ್ದೇವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ಬಬಲೇಶ್ವರದ ಕಡೆಯ ಹಳ್ಳಿಯೊಂದನ್ನು ಬಿಟ್ಟು, ಹಲಗೆ ಬಾರಿಸುವ ಮನೆತನದ ಕೆಲಸವನ್ನೂ ಬಿಟ್ಟು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಬಂದವರು. ಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿ, ಮಕ್ಕಳನ್ನು ಶಾಲೆಗೆ ಹಚ್ಚಿ, ತಲೆ ಎತ್ತಿ ನಡೆಯುತ್ತಿದ್ದರು. ಕಾಕಾ ತಿಕೋಟಾ ಆಚೆಯ ಕುರಿ ಕಾಯುವ ಮನೆತನದವರು. ಬಾಜೂ ಮನೆಗೆ ಬಂದ ಹೊಸತರಲ್ಲಿ ಕಾಕು, ಅಂದರೆ ಅವರ ಹೆಂಡತಿ, ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಕಾಕಾ ಮಾತ್ರ ಬಂದ ದಿನವೇ ನಮ್ಮ ಹೊಸ್ತಿಲಲ್ಲಿ ನಿಂತು, "ಏನಬೇ ಅಕ್ಕಾ, ಚಾ ಮಾಡೀಯೇನು?" ಎಂದು ನಮ್ಮವ್ವನನ್ನು ಕೇಳಿ, ಒಳಗೆ ಬಂದು ಕುಳಿತು, ಬಸಿಯಲ್ಲಿ ಸುರುವಿಕೊಂಡು ಸೊರ್ರೆಂದು ಕುಡಿದಿದ್ದರಂತೆ. ಕುಡಿದದ್ದು ಯಾಕೆ ಎಂಬುದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಕಿವಿಯ ಬಗ್ಗೆ ಓಣಿಯಲ್ಲಿ ಒಂದೇ ಕಥೆ: ಎಲ್ಲೋ ಗಲಾಟೆಯಾದಾಗ ಬಂದೋಬಸ್ತಿಗೆ ಹೋಗಿದ್ದರು, ಕಲ್ಲು ಬಿತ್ತು. ಕಾಕಾ ಅದನ್ನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಪೋಲೀಸರ ಕಿವಿ ಕಲ್ಲಿಗೆ ಹೋಯಿತು ಅಂದರೆ ಯಾರಾದರೂ ಮರ್ಯಾದೆಯೇ ಕೊಡುತ್ತಾರೆ. ಆ ಮರ್ಯಾದೆ ಬಂದರೂ ಅವರ ಮುಖ ಅಷ್ಟಕ್ಕಷ್ಟೇ ಇರುತ್ತಿತ್ತು.

ದೇವರಂಥ ಮನುಷ್ಯ ಎಂದು ಬರೆಯಲು ನಾನು ಕುಳಿತಿಲ್ಲ. ಜಿಗುಟು ಮನುಷ್ಯ. ರಿಟೈರ್ ಆದ ಮೇಲೂ ಧೋತರದ ಕೆಳಗೆ ಪೋಲೀಸ್ ಬೂಟು ಹಾಕಿಕೊಂಡು ಓಣಿ ತುಂಬ ಟಕಟಕ ಓಡಾಡುತ್ತಿದ್ದರು. ನಮ್ಮ ಪೇಪರು ನಮಗಿಂತ ಮೊದಲು ಓದಿ, ಮಡಿಕೆ ಕೆಡಿಸಿ ಕೊಡುತ್ತಿದ್ದರು. ಕಾಕು ದನಿ ಎತ್ತಿದರೆ ಸಾಕು, ಮಾತಿಲ್ಲದೆ ಚೀಲ ಹಿಡಿದು ಸಂತೆಗೆ ಹೊರಡುತ್ತಿದ್ದರು. ನಾನು ಸಣ್ಣವಳಿದ್ದಾಗಿನಿಂದ ಮಾತಿಗೆ ಮಾತು ಕೊಡುತ್ತಿದ್ದೆನಾದ್ದರಿಂದ ನನಗೆ 'ವಕೀಲವ್ವ' ಎಂದು ಹೆಸರಿಟ್ಟಿದ್ದರು. ಕಡೆಗೆ ನಾನು ವಕೀಲೆಯೇ ಆದಾಗ, ಆ ಹೆಸರಿಟ್ಟದ್ದಕ್ಕೆ ತನಗೊಂದು ಕಿಲೋ ಪೇಢೆ ಬರಬೇಕೆಂದು ವಾದ ಮಾಡಿ ವಸೂಲಿ ಮಾಡಿದರು.

ಆದರೆ ಅವರ ಒಂದು ಪದ್ಧತಿ ಇತ್ತು. ಜಗಳ ಓಣಿಯದ್ದಿರಲಿ, ಪೇಪರಿನಲ್ಲಿ ಬಂದದ್ದಿರಲಿ, ಯಾರು ಹೊಡೆದರು ಎಂದು ಅವರು ಕೇಳುತ್ತಿರಲಿಲ್ಲ. ಯಾಕೆ ಹೊಡೆದರು ಎಂದೂ ಕೇಳುತ್ತಿರಲಿಲ್ಲ. "ಅದೆಲ್ಲಾ ಬಿಡ್ರಿ. ಮೊದಲ ಯಾರು ನಕ್ರು?" ಎಂದು ಕೇಳುತ್ತಿದ್ದರು.

ಹಳ್ಳಿಗಳಲ್ಲಿ ಕೇರಿಯ ಮೇಲೆ ಕಲ್ಲು ಬಿದ್ದಾಗ, ಗುಡಿಸಲು ಸುಟ್ಟಾಗ, ಮೇಲಿನ ಸಾಹೇಬರು 'ಹಳೆಯ ದ್ವೇಷದಿಂದ' ಎಂದು ವರದಿ ಬರೆದು ಮುಗಿಸುತ್ತಿದ್ದರಂತೆ. ಆ ಮಾತು ಕೇಳಿದರೆ ಕಾಕಾನಿಗೆ ಮೈ ಉರಿಯುತ್ತಿತ್ತು. "ಹಳೇ ದ್ವೇಷ ಅಂದ್ರ ಹಳೇ ಉಪ್ಪಿನಕಾಯೇನು, ಭರಣಿಯೊಳಗ ತಾನ ಕುಂತಿರಾಕ? ದಿನಾ ಅದನ್ನ ಯಾರೋ ಹೊಸದಾಗಿ ಮಾಡತಾರ. ಮಾಡಾವ್ರು ಯಾರು ಅಂತ ನೋಡಬೇಕ ಬ್ಯಾಡ?" ಎನ್ನುತ್ತಿದ್ದರು.

ಈ ಪದ್ಧತಿಯ ರುಚಿ ನನಗೆ ಮೊದಲು ಸಿಕ್ಕಿದ್ದು ಶಾಲೆಯಲ್ಲಿ. ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆದಾಗ ನಮ್ಮ ವರ್ಗಕ್ಕೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡಳು. ಡಬ್ಬಿಯಲ್ಲಿದ್ದದ್ದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎಲ್ಲರೂ ಕಿಸಿಕಿಸಿ ನಕ್ಕರು. ನಾನು ಡಬ್ಬಿಯ ಮುಚ್ಚಳದಿಂದ ಅವಳ ತಲೆಗೆ ಬಾರಿಸಿದೆ. ಬಾರಿಸಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಹೆಡ್‌ಮಾಸ್ತರರು ಮನೆಯವರನ್ನು ಕರೆಸಿದರು. ಅಪ್ಪ ಊರಲ್ಲಿರಲಿಲ್ಲ, ಕಾಕಾ ಡ್ಯೂಟಿಯ ಬಟ್ಟೆಯಲ್ಲೇ ಬಂದರು. ಖಾಕಿ ನೋಡಿ ಇಡೀ ವರ್ಗ ಗಪ್‌ಚಿಪ್.

"ಮೊದಲ ಯಾರು ನಕ್ರಿ?" ಎಂದು ಕಾಕಾ ಮಕ್ಕಳನ್ನು ಕೇಳಿದರು. ಕಾಕಾ ಕಿವಿ ಹಿಚುಕುತ್ತ ಬೆಂಚಿನ ತುದಿಗೆ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಎಲ್ಲರಿಗೂ ಬೇಕಾದವಳು, ಅಳುತ್ತ ಎದ್ದು ನಿಂತಳು. "ನಾನ್ರಿ."

ಕಾಕಾ ಹೆಡ್‌ಮಾಸ್ತರರ ಕಡೆ ತಿರುಗಿದರು. "ನೋಡ್ರಿ ಸರ್, ಈ ಹೊಸಾ ಹುಡುಗಿ ಮೂಗು ಮುಚ್ಚಿದ್ದು ವಾಸನಿಗಲ್ರಿ. ಈಗ ಎದ್ದು ನಿಂತಾಳಲ್ರಿ, ಆಕಿ ನಗಲಿ ಅಂತ. ಆಕಿ ನಕ್ರ ಈಕಿಗೆ ಗೆಳತ್ಯಾರು ಸಿಗತಾರ. ಬದನಿಕಾಯಿದು ಏನ ತಪ್ಪೈತ್ರಿ ಇದರಾಗ?"

ಹೆಡ್‌ಮಾಸ್ತರರು ಎಲ್ಲರಿಗೂ ಬಯ್ದು ಕಳಿಸಿದರು. ದಾರಿಯಲ್ಲಿ ಕಾಕಾ ನನಗೆ ಉಪದೇಶ ಮಾಡಲಿಲ್ಲ. "ಮುಚ್ಚಳ ನೆಗ್ಗಿಸೀದಿ ನೋಡು. ನಿಮ್ಮವ್ವ ಇವತ್ತ ನಿನ್ನ ಬಿಡಂಗಿಲ್ಲ" ಎಂದಷ್ಟೇ ಅಂದರು. ಅವ್ವ ಬಿಡಲೂ ಇಲ್ಲ.

ದೊಡ್ಡವಳಾದ ಮೇಲೆ ಇದೇ ಮಾತಿಗೆ ನಾನು ಅವರೊಂದಿಗೆ ಜಗಳ ತೆಗೆದಿದ್ದೇನೆ. ಒಂದು ಸಂಜೆ ಟೀವಿಯಲ್ಲಿ ದೂರದ ದೇಶದ ಸುದ್ದಿ ಬಂತು. ಚರ್ಮದ ಬಣ್ಣ ಬೇರೆ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ನಡುಬೀದಿಯಲ್ಲಿ ಬಡಿದು ಕೊಂದಿದ್ದರು. ಕಾಕಾ ಬಸಿ ಕೆಳಗಿಟ್ಟು, "ಅಲ್ಲೂ ಯಾರೋ ಮೊದಲ ನಕ್ಕಿರತಾರ ವಕೀಲವ್ವ. ಬಣ್ಣ ಇದ್ದಲ್ಲಿ ಬಣ್ಣ, ಜಾತಿ ಇದ್ದಲ್ಲಿ ಜಾತಿ. ಹುಡುಕಾವಗ ಏನರೆ ಒಂದು ಸಿಕ್ಕ ಸಿಗತೈತಿ" ಎಂದರು.

"ಸಾಕು ಮಾಡ್ರಿ ಕಾಕಾ," ನಾನು ಸಿಡಿದೆ. "ಎಲ್ಲಾ ನಗೂದ್ರಾಗ ಐತಿ ಅಂದ್ರ, ಹೊಲ ಯಾಕ ಅವರ ಹತ್ರನ ಐತಿ? ಬಾವಿ ಯಾಕ ಅವರ ಹತ್ರನ ಐತಿ? ನಾವು ಅವರನ್ನ ನೋಡಿ ನಕ್ರ ಅವರ ಮನಿ ಸುಡತೈತೇನು?"

ಕಾಕಾ ಕೆಳಗಿಟ್ಟ ಬಸಿ ಎತ್ತಿ ಚಹಾ ಮುಗಿಸಿದರು. "ಅದೂ ಖರೆ," ಎಂದರು ಕಡೆಗೆ. "ನಕ್ಕಾವನ ಕೈಯಾಗ ಹೊಲ ಇರಬೇಕು. ಅಂದ್ರ ಅದು ನಗು ಅಲ್ಲ, ಹುಕುಂ." ಆವತ್ತು ನಾನು ಗೆದ್ದೆ ಎಂದುಕೊಂಡೆ. ಅವರೂ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

ಇನ್ನು ಮಾವನ ಎತ್ತಿನ ಪ್ರಸಂಗ. ಅಪ್ಪ ಬಿಟ್ಟುಬಂದ ಹಳ್ಳಿಯಲ್ಲೇ ನನ್ನ ಸೋದರಮಾವ ಇದ್ದಾರೆ. ಊರಿನ ಹೆಸರು ಬೇಡ. ಅಂಥ ಊರು ಅದೊಂದೇ ಅಲ್ಲ. ಮಾವ ಹಲಗೆ ಬಿಟ್ಟಿರಲಿಲ್ಲ. ಅಪ್ಪ ಬಿಡು ಬಿಡು ಎಂದು ಎಷ್ಟು ಹೇಳಿದರೂ, "ಮಂದಿಗಾಗಿ ಬಾರಸಂಗಿಲ್ಲ ಮಾರಾಯಾ, ನನಗ ಅದರ ಸಪ್ಪಳ ಬೇಕು" ಎನ್ನುತ್ತಿದ್ದರು. ಕೂಲಿ ಮಾಡಿ, ಹೆಂಡತಿಯ ಕೈಯಲ್ಲಿ ಉಳಿಸಿ, ಮಾವ ಒಂದು ಎತ್ತು ತಂದರು. ಗಡಿಯಾಚೆಯ ಸಂತೆಯದು, ಬಿಳಿ ಎತ್ತು, ನೆಟ್ಟಗಿನ ಕೋಡು. ಹಿಂದಿನ ಮಾಲೀಕ ಅದನ್ನು ಓಡಿಸುವುದಕ್ಕೇ ಪಳಗಿಸಿದ್ದ ಎಂಬುದು ಮಾವನಿಗೆ ಗೊತ್ತಿರಲಿಲ್ಲ.

ಕಾರಹುಣ್ಣಿಮೆಯ ದಿನ ಊರ ಅಗಸೆಯಲ್ಲಿ, ಅಂದರೆ ಊರಬಾಗಿಲಲ್ಲಿ, ಬೇವಿನ ಸೊಪ್ಪು ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದಕ್ಕೆ ಕರಿ ಎನ್ನುತ್ತಾರೆ. ಕೋಡಿಗೆ ಬಣ್ಣ ಹಚ್ಚಿದ ಎತ್ತುಗಳನ್ನು ಹಲಗೆಯ ಸಪ್ಪಳದ ಜೊತೆ ಓಡಿಸಿದಾಗ ಯಾವ ಎತ್ತು ಮೊದಲು ಕರಿ ಹರಿಯುತ್ತದೋ ಆ ಮನೆಗೆ ವರ್ಷವಿಡೀ ಹೆಸರು. ಆ ಊರಲ್ಲಿ ಕರಿ ಹರಿಯುವುದು ದೊಡ್ಡ ಮನೆಯ ಎತ್ತು, ಹಲಗೆ ಬಾರಿಸುವುದು ನಮ್ಮ ಮಾವ. ಆವತ್ತೂ ಮಾವ ಬಾರಿಸಲು ಹೋದರು. ಎತ್ತನ್ನು ಮನೆ ಮುಂದಿನ ಗೂಟಕ್ಕೆ ಕಟ್ಟಿ ಹೋದರು. ಹಲಗೆ ಜೋರಾದ ಕೂಡಲೇ ಆ ಪ್ರಾಣಿ ಗೂಟ ಕಿತ್ತುಕೊಂಡು, ಕೊರಳಲ್ಲಿ ಹಗ್ಗ ಎಳೆಯುತ್ತ, ಎಲ್ಲರ ನಡುವೆ ನುಗ್ಗಿ, ದೊಡ್ಡ ಮನೆಯ ಎತ್ತನ್ನು ಹಿಂದೆ ಹಾಕಿ ಕರಿ ಹರಿದುಕೊಂಡು ಅಗಸೆಯಾಚೆ ಹೋಗಿ ನಿಂತಿತು. ತನ್ನ ಎತ್ತೇ ಎಂದು ತಿಳಿಯುವ ತನಕ ಮಾವ ಬಾರಿಸುತ್ತಲೇ ಇದ್ದರಂತೆ.

ಊರು ಘೊಳ್ಳೆಂದಿತು. ಮೊದಲು ಅದು ಬರೀ ಮೋಜಿನ ಗದ್ದಲ. ಸಂಜೆಯಾಗುವಷ್ಟರಲ್ಲಿ ದೊಡ್ಡ ಮನೆಯ ಮಗ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಮಾವನ ಮನೆಯ ಮೇಲೆ ಕಲ್ಲು ಎಸೆದ. ಬಾಗಿಲು ಮುರಿದರು. ಅತ್ತೆಯ ಹಣೆ ಒಡೆಯಿತು, ಮಾವನ ಬಲ ಮುಂಗೈ ಮುರಿಯಿತು. ಎತ್ತನ್ನು ಬಡಿದು ಊರಾಚೆ ಅಟ್ಟಿದರು.

ಕೇಸು ಹಾಕಿಸಿದೆ, ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರವೇ. ಆದರೆ ಹಾಡಹಗಲೇ ನಡೆದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಒಬ್ಬ ಹೊಲದಲ್ಲಿದ್ದನಂತೆ, ಒಬ್ಬ ಮಲಗಿದ್ದನಂತೆ, ಒಬ್ಬನ ಕಣ್ಣಿಗೆ ಪೊರೆಯಂತೆ. ಸಾಕ್ಷಿ ಇಲ್ಲದಿದ್ದರೆ ಕೇಸು ಬೀಳುತ್ತದೆ. ಕೇಸು ಬಿದ್ದರೆ ಮಾವ ಊರು ಬಿಡಬೇಕು; ದೊಡ್ಡ ಮನೆಯವರು ಅದನ್ನು ಬಾಯಿಬಿಟ್ಟೇ ಹೇಳಿದ್ದರು. ನಾನು ಮನೆಯಲ್ಲಿ ಪಾತ್ರೆ ಕುಕ್ಕುತ್ತ ಎಲ್ಲರ ಮೇಲೂ ಹರಿಹಾಯುತ್ತಿದ್ದಾಗ ಕಾಕಾ ಬೂಟು ಹಾಕಿಕೊಂಡು ಬಾಗಿಲಿಗೆ ಬಂದರು. "ಗಾಡಿ ತಗೀ ವಕೀಲವ್ವ" ಎಂದರು.

ಗಾಡಿ ಅಂದರೆ ನನ್ನ ಸ್ಕೂಟಿ. ಹಿಂದೆ ಕುಳಿತ ಕಾಕಾ ದಾರಿಯುದ್ದಕ್ಕೂ, "ಸಾವಕಾಶ, ಸಾವಕಾಶ, ನಾ ಇನ್ನೂ ಪೆನ್ಶನ್ ತಗೋಬೇಕಾಗೇತಿ" ಎನ್ನುತ್ತಿದ್ದರು.

ಆ ಊರ ನಡುವೆ ಬೇವಿನ ಗಿಡದ ಸುತ್ತ ಕಲ್ಲಿನ ಕಟ್ಟೆ ಇದೆ. ಗಂಡಸರೆಲ್ಲ ಕೂಡುವುದು ಅಲ್ಲಿಯೇ. ಕಾಕಾ ನೇರ ಹೋಗಿ ಕುಳಿತು, "ಬಾ ಯವ್ವಾ, ಕೂಡು" ಎಂದು ನನ್ನನ್ನೂ ಕರೆದರು. ಆ ಕಟ್ಟೆಯ ಮೇಲೆ ನಮ್ಮ ಕೇರಿಯವರು ಕುಳಿತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ದೂರ ನಿಂತಿದ್ದ ಮಾವ ಬೇಡ ಎಂದು ಕಣ್ಸನ್ನೆ ಮಾಡಿದರು. ನಾನು, "ಒಲ್ಲೆ ಕಾಕಾ, ಇಲ್ಲೇ ಚೊಲೊ ಐತಿ" ಎಂದು ಸ್ಕೂಟಿಯ ಮೇಲೆಯೇ ಕುಳಿತೆ. ಸಿಟ್ಟಿಗೆ ಹಾಗೆಂದೆ ಎಂದು ತೋರಿಸಿಕೊಂಡೆ. ಅಂಜಿಕೆಯೂ ಇತ್ತು.

ಕಾಕಾ ಕೇಸಿನ ಮಾತೇ ಎತ್ತಲಿಲ್ಲ. ದ್ರಾಕ್ಷಿಗೆ ಈ ಸಲ ರೋಗ ಹೆಂಗೈತಿ, ಕುರಿಗೆ ಕಾಲುಬೇನೆ ಬಂತೇನು, ಇಂಥವೇ. ಬಿಡುವಾದಾಗಲೆಲ್ಲ ಹೋದೆವು. ಕಡೆಗೊಂದು ದಿನ, "ಅಲ್ರಪಾ, ಆ ಎತ್ತು ಕರಿ ಹರದಾಗ ಮೊದಲ ಯಾರು ನಕ್ರು?" ಎಂದು ಸಹಜವಾಗಿ ಕೇಳಿದರು.

"ಎಲ್ಲಾರೂ ನಕ್ರು ಬಿಡ್ರಿ ಹವಾಲ್ದಾರ್ರ," ಎಂದ ಒಬ್ಬ.

"ಎಲ್ಲಾರೂ ಒಮ್ಮಿಗೇ ನಗಂಗಿಲ್ಲೋ ಯಪ್ಪಾ. ಒಬ್ಬ ಮೊದಲ ನಗತಾನ. ಉಳದವರಿಗೆ ಆಗ ಧೈರ್ಯ ಬರತೈತಿ."

ಮುದುಕರೊಬ್ಬರು ತಂಬಾಕು ತಿಕ್ಕುತ್ತಿದ್ದ ಕೈ ನಿಲ್ಲಿಸಿದರು. ಎತ್ತಿಗಾಗಿ ಯಾರೂ ಕೆಟ್ಟದಾಗಿ ನಕ್ಕಿರಲಿಲ್ಲ ಎಂದು ಅವರು ಹೇಳಿದರು. ದೊಡ್ಡ ಮನೆಯ ಮಗ ತನ್ನ ಎತ್ತಿನ ಹಗ್ಗ ಹಿಡಿದು ಪೆಚ್ಚಾಗಿ ನಿಂತಿದ್ದ. ಆಗ ಅವನ ಚಿಕ್ಕಪ್ಪನ ಮಗ, ವರಸೆಯಲ್ಲಿ ಅಣ್ಣ, ತಿಕೋಟಾದಲ್ಲಿ ದ್ರಾಕ್ಷಿ ಔಷಧದ ಅಂಗಡಿ ಇಟ್ಟವನು, ಎಲ್ಲರ ಮುಂದೆ ಕೂಗಿದನಂತೆ: "ಲೇ ತಮ್ಮಾ, ಮುಂದಿನ ವರ್ಸದಿಂದ ಹಲಗಿ ನೀ ಬಾರಸು, ಎತ್ತು ಅವರು ಓಡಸ್ತಾರ!" ಎಂದು. ಕೂಗಿದವನೇ ಮೊದಲು ನಕ್ಕ, ಆಮೇಲೆ ಇಡೀ ಅಗಸೆ ನಕ್ಕಿತು.

ತಿರುಗಿ ಬರುವಾಗ ದಾರಿಬದಿಯ ಚಹಾ ಅಂಗಡಿಯಲ್ಲಿ ನಿಂತೆವು. "ಅವಗ ಸಿಟ್ಟು ಯಾರ ಮ್ಯಾಲ ಬಂದಿತ್ತು ಹೇಳು ನೋಡೋಣು," ಎಂದರು ಕಾಕಾ.

"ನಮ್ಮ ಮಾಮಾನ ಮ್ಯಾಲ. ಇದೇನ ಕೇಳೂ ಮಾತೇನ್ರಿ?"

"ಅಲ್ಲ. ಅವನ ಅಣ್ಣನ ಮ್ಯಾಲ ಬಂದಿತ್ತು. ಅಣ್ಣನ ಹೊಡದ್ರ ಅಣ್ಣ ತಿರುಗಿ ಹೊಡೀತಾನ, ಮನಿ ಎರಡಾಗತೈತಿ, ಹಿರಿಯಾರು ಬೈತಾರ. ನಿಮ್ಮ ಮಾಮಾನ ಹೊಡದ್ರ? ಯಾರೂ ಏನೂ ಅನ್ನಂಗಿಲ್ಲ. ಸಿಟ್ಟು ಎಲ್ಲಾರಿಗೂ ಬರತೈತಿ ವಕೀಲವ್ವ. ಅದನ್ನ ಯಾರ ಮ್ಯಾಲ ಹಾಕಬೇಕು ಅನ್ನೂದನ್ನ ಊರು ಕಲಸತೈತಿ. ತೊಟ್ಟಲಾಗ ಇದ್ದಾಗಿಂದ ಕಲಸತೈತಿ."

ನನ್ನ ತಲೆ ಕೆಟ್ಟಿತು. "ಹಂಗಾರ ಏನು, ಅವಗ ಪಾಪ ಅನ್ನಬೇಕೇನು? ರಾಜಿ ಆಗ್ರಿ ಅಂತ ಹೇಳಾಕ ಕರಕೊಂಡು ಬಂದೀರೇನು ನನ್ನ?"

"ಏ ಹುಚ್ಚಿ," ಕಾಕಾನ ದನಿ ಏರಿತು. "ತಿಳಕೊಳ್ಳೂದು ಬ್ಯಾರೆ, ಮಾಫ್ ಮಾಡೂದು ಬ್ಯಾರೆ. ಕೇಸು ಸಡ್ಲ ಬಿಟ್ಟಿ ಅಂದ್ರ ನಾನ ನಿನ್ನ ಬಿಡಂಗಿಲ್ಲ. ಹೊಡದಾವ ಜೇಲಿಗೆ ಹೋಗಬೇಕು. ಆದ್ರ ನಕ್ಕಾವಗೂ ಅದು ತನ್ನ ಕೆಲಸ ಅಂತ ಗೊತ್ತಾಗಬೇಕು."

ಮುಂದಿನ ಸಲ ನೇರ ತಿಕೋಟಾಕ್ಕೆ, ಆ ಔಷಧದ ಅಂಗಡಿಗೆ ಹೋದೆವು. ಗಿರಾಕಿ ಇರಲಿಲ್ಲ. ಚಾಷ್ಟಿ, ಅಂದರೆ ಗೇಲಿ, ಮಾಡಿದ ಆ ಮನುಷ್ಯ ಒಳ್ಳೆಯ ಮಾತುಗಾರನೇ. ನಮ್ಮನ್ನು ಕುರ್ಚಿ ಹಾಕಿ ಕೂಡಿಸಿದ. ವಿಷಯ ತಿಳಿದ ಮೇಲೆ ಮುಖ ಬಿಗಿಯಾಯಿತು. "ನಾ ಏನ ಮಾಡೇನ್ರಿ? ಒಂದು ಕಲ್ಲು ಮುಟ್ಟಿಲ್ಲ ನಾ. ಚಾಷ್ಟಿ ಮಾಡಿದೆ, ಅಷ್ಟ. ಚಾಷ್ಟಿ ಮಾಡಿದ್ರ ಕೇಸೈತೇನು?"

ಕಾಕಾ ತಲೆಯ ಟೊಪ್ಪಿಗೆ ತೆಗೆದು ಎಡಗಿವಿ ಅವನ ಕಡೆ ತಿರುಗಿಸಿದರು. "ತಮ್ಮಾ, ಈ ಕಿವಿ ನೋಡು. ಇದು ಬಂದೋಬಸ್ತಿನಾಗ ಹೋಗಿಲ್ಲ."

ನಾನು ತಲೆ ಎತ್ತಿ ನೋಡಿದೆ. ಬೆರಳು ಹಿಚುಕುತ್ತಿರಲಿಲ್ಲ, ಎರಡೂ ಕೈ ಮೊಣಕಾಲ ಮೇಲಿದ್ದವು.

"ಆಗ ನಾ ಪೋಲೀಸ ಆಗಿರಲಿಲ್ಲ. ಕುರಿ ಕಾಯಾವ. ನಮ್ಮೂರ ಕೇರಿ ಹುಡುಗ ಒಬ್ಬ ಮುಂಬೈಗೆ ದುಡ್ಯಾಕ ಹೋಗಿ, ಬೆಳ್ಳನ ಅಂಗಿ ಹಾಕ್ಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ. ನಮ್ಮೂರಾಗ ಅಂಥಾದು ಗೌಡಗೂ ಇದ್ದಿಲ್ಲ. ನಾ ಕಟ್ಟಿ ಮ್ಯಾಲ ಕುಂತಾವ ಅಂದೆ, 'ಕೊಕ್ಕರಿ ಬಂತು, ದಾರಿ ಬಿಡ್ರಲೇ' ಅಂತ. ಮಂದಿ ಬಿದ್ದುಬಿದ್ದು ನಕ್ರು. ನನಗ ಭಾಳ ಖುಷಿ ಆತು. ಅಷ್ಟು ಮಂದಿ ನನ್ನ ಮಾತಿಗೆ ನಕ್ಕಿದ್ದು ಅದ ಮೊದಲ. ಸಂಜಿಕ ಅವನ ಅಂಗಿ ಹರದ್ರು. ಅವ ಕೈ ಎತ್ತಿದ. ಅವನ ಗುಡಸಲಕ್ಕ ಬೆಂಕಿ ಹಚ್ಚಿದ್ರು. ನಾ ಯಾರನ್ನೂ ಮುಟ್ಟಲಿಲ್ಲ ತಮ್ಮಾ. ದೂರ ನಿಂತಿದ್ದೆ. ಅವನ ಅವ್ವ ಒಂದು ಕಲ್ಲು ತಗೊಂಡಳು. ಅಂಗಿ ಹರದಾವನ ಬಿಟ್ಟಳು, ಬೆಂಕಿ ಹಚ್ಚಿದಾವನ ಬಿಟ್ಟಳು. ಅಷ್ಟು ಮಂದ್ಯಾಗ ನನ್ನ ಹುಡುಕಿ ಹೊಡದಳು."

ಅಂಗಡಿಯವನು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದ.

"ಭಾಳ ವರ್ಸ ನಾ, ಮುದುಕಿ ಗುರಿ ತಪ್ಪಿ ಹೊಡದಾಳ ಅಂತನ ತಿಳಕೊಂಡಿದ್ದೆ. ಪೋಲೀಸ ಆಗಿ ಒಂದಾದ ಮ್ಯಾಲ ಒಂದು ಊರು ನೋಡಿದ ಮ್ಯಾಲ ಗೊತ್ತಾತು, ಗುರಿ ಬರೊಬ್ಬರಿ ಇತ್ತು ಅಂತ. ನಿನಗ ಕಲ್ಲು ಬಿದ್ದಿಲ್ಲ. ಅದಕ್ಕ ನಾ ಬಂದೇನಿ."

ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ನಾವು ಎದ್ದು ಬಂದೆವು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯ ಚಹಾ ಕುಡಿದ ಮನುಷ್ಯ! ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದು ಮುಂದಿನ ರಸ್ತೆ ಕಾಣದಾಯಿತು. ಭೂತನಾಳ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದೆ.

"ಆ ಅವ್ವನ ಹತ್ರ ಹೋಗಿದ್ರೇನು?"

"ಹೋಗಿದ್ದೆ. ಪೋಲೀಸ ಬಟ್ಟಿ ಬಿಚ್ಚಿಟ್ಟು ಹೋಗಿದ್ದೆ. ತೀರಿಕೊಂಡಿದ್ದಳು." ಕಾಕಾ ನೆಲ ನೋಡುತ್ತಿದ್ದರು. "ಅದಾದ ಮ್ಯಾಲನ ನಿಮ್ಮ ಬಾಜೂ ಮನಿ ಸಿಕ್ಕಿತು. ನಿಮ್ಮವ್ವ ಚಾ ಕೊಟ್ಟಳು. ಕೊಡಲಿಲ್ಲ ಅಂದಿದ್ರೂ ಬರೊಬ್ಬರಿನ ಇತ್ತು."

ನಾನು ಅತ್ತುಬಿಟ್ಟೆ. ಅತ್ತ ಮೇಲೆ ಗಾಡಿ ಚಾಲೂ ಮಾಡಿದೆ. ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಚಹಾಕ್ಕೆ ಇಟ್ಟಳು, ಗೋಡೆ ಬಡಿದು ಕಾಕಾನನ್ನು ಕರೆದಳು.

ಔಷಧದ ಅಂಗಡಿಯವನು ತಾನಾಗಿಯೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ. ಕೋರ್ಟಿನಲ್ಲಿ ಅವನ ಸಾಕ್ಷಿಯ ದಿನ ಬಂದಾಗ ನಾನು ಸರಕಾರಿ ವಕೀಲರ ಪಕ್ಕ ಕುಳಿತಿದ್ದೆ. ಆರೋಪಿಗಳ ವಕೀಲರು, "ಅಷ್ಟು ಹೊತ್ತು ನೀವು ಅಲ್ಲೇ ಯಾಕೆ ನಿಂತಿದ್ದಿರಿ? ನಿಮ್ಮ ಮನೆತನದ ಜಮೀನಿನ ವ್ಯಾಜ್ಯಕ್ಕೆ ಈ ಸುಳ್ಳು ಹೇಳುತ್ತಿದ್ದೀರಿ" ಎಂದು ಜಗ್ಗಾಡಿದರು. ಅವನು ನೀರು ಕೇಳಿ ಕುಡಿದ. ಆಮೇಲೆ ಹೇಳಿದ:

"ಮೊದಲ ನಕ್ಕಾವ ನಾನರಿ. ಚಾಷ್ಟಿ ಮಾಡಿದಾವನೂ ನಾನ. ಮುಂದ ಏನಾಗತೈತಿ ನೋಡೂನು ಅಂತ ಅವರ ಹಿಂದಿಂದ ಹೋದೆ. ಅದಕ್ಕ ನನ್ನ ಕಣ್ಣಲೆ ನೋಡೇನಿ. ಕಲ್ಲು ಒಗದಾವ ನನ್ನ ತಮ್ಮ."

ದೊಡ್ಡ ಮನೆಯ ಮಗ ಅವನನ್ನು ನೋಡಿದ. ಅಂಗಡಿಯವನು ಕಣ್ಣು ಕೆಳಗೆ ಮಾಡಲಿಲ್ಲ. ಮಾವ ನನ್ನ ಹಿಂದಿನ ಬೆಂಚಿನಲ್ಲಿ ಕುಳಿತು ಎಡಗೈಯಿಂದ ಬಲ ಮುಂಗೈ ಸವರಿಕೊಳ್ಳುತ್ತಿದ್ದರು. ಕೇಸಿನ ತೀರ್ಪು ಇನ್ನೂ ಬರಬೇಕು. ನನಗೆ ಅಂಜಿಕೆ ಇಲ್ಲ. ಆ ಸಾಕ್ಷಿ ಗಟ್ಟಿಯಾಗಿದೆ.

ಕಾಕಾನಿಗೆ ಅವತ್ತು ಕೋರ್ಟಿಗೆ ಬರಲಾಗಲಿಲ್ಲ. ಕೆಮ್ಮು ಎದೆಗಿಳಿದು ಹಾಸಿಗೆ ಹಿಡಿದಿದ್ದರು. ರಾತ್ರಿ ಕೆಲಸ ಮುಗಿಸಿ ನಾನು ಕರಿ ಕೋಟಿನಲ್ಲೇ ಓಡಿಹೋಗಿ ಎಲ್ಲ ಹೇಳಿದೆ, ಅವನ ದನಿಯನ್ನೂ ಅನುಕರಿಸಿ ಹೇಳಿದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಭೇಷ್ ಎನ್ನುತ್ತಾರೆ ಎಂದು ನಾನು ಕಾದೆ. ಕಾಕಾನ ಎಡಗೈ ಮೆಲ್ಲಗೆ ಕಿವಿಗೆ ಹೋಯಿತು.

"ಸಾಕ್ಷಿ ಹೇಳಿ ಅವ ಊರಿಗೆ ಹೋದನಲ್ಲ. ಅವನ ನೋಡಿ ಯಾರರೆ ನಕ್ರೇನು?"

ಸುಳ್ಳು ಹೇಳಬಹುದಿತ್ತು, ಆದರೆ ನಾನು ಎಡಗಡೆ ಕುಳಿತಿದ್ದೆ. ಸಂಜೆ ಊರು ಮುಟ್ಟಿದ ಮಾವ ಆಗಲೇ ಫೋನಿನಲ್ಲಿ ಹೇಳಿದ್ದರು: ಬೇವಿನ ಕಟ್ಟೆಯ ಮೇಲೆ ಕುಳಿತವರು ಅವನನ್ನು ನೋಡಿ, "ಬಂದ ನೋಡ್ರಲೇ, ಕೇರಿ ಅಳಿಯ" ಎಂದು ಕೂಗಿ ನಕ್ಕಿದ್ದರು.

"ನಕ್ರು ಕಾಕಾ" ಎಂದೆ.

"ಹಂಗಾರ ಇನ್ನೂ ಮುಗದಿಲ್ಲ," ಎಂದು ಎರಡೂ ಕೈ ಊರಿ ಏಳಲು ನೋಡಿದರು. "ನಾಳಿಗೆ ಗಾಡಿ ತಗೀ ವಕೀಲವ್ವ."

ಆ ನಾಳೆ ಅವರಿಗೆ ಬರಲಿಲ್ಲ. ನಸುಕಿನಲ್ಲಿ ಗೋಡೆಯ ಆಚೆ ಕಾಕು ಒಮ್ಮೆ ಜೋರಾಗಿ ಕೂಗಿದ್ದು ಕೇಳಿಸಿತು.

ತಿಕೋಟಾ ಆಚೆಯ ಅವರ ಅಣ್ಣನ ಹೊಲದಲ್ಲಿ ಮಣ್ಣು ಮಾಡಿದರು. ಕುರಿಗಳು ದೂರದಲ್ಲಿ ಮೇಯುತ್ತಿದ್ದವು. ಮಾವ ಬಂದರು, ಬರಿಗೈಯಲ್ಲಿ ಬಂದರು. ಕಾಕಾನ ಸಂಬಂಧಿಕರಲ್ಲಿ ಹಿರಿಯರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಿಂದ, "ಹಲಗಿ ತರಲಿಲ್ಲೇನೋ?" ಎಂದು ಕೇಳಿದರು.

"ಇವತ್ತ ಬಾರಸಾಕ ಬಂದಿಲ್ರಿ ಯಪ್ಪಾ," ಎಂದರು ಮಾವ. "ಹೊರಾಕ ಬಂದೇನಿ."

ಹಿರಿಯರು ಪಕ್ಕಕ್ಕೆ ಸರಿದರು. ಮಾವ ಮುರಿದು ಕೂಡಿದ ಕೈಯಿಂದ ಚಟ್ಟದ ಬಿದಿರು ಹಿಡಿದು ಹೆಗಲು ಕೊಟ್ಟರು. ಅವರ ಮುಂದೆ ಹೆಗಲು ಕೊಟ್ಟವನು ಔಷಧದ ಅಂಗಡಿಯವನು.

ಕಾರ್ಯ ಮುಗಿದ ಮೇಲಿನ ರವಿವಾರ ಗಾಡಿ ತೆಗೆದೆ. ಹಿಂದೆ ಸಾವಕಾಶ ಎನ್ನುವವರು ಇರಲಿಲ್ಲ. ಆದರೂ ಸಾವಕಾಶವೇ ಹೋದೆ. ಬೇವಿನ ಗಿಡದ ಕೆಳಗೆ ಎಂದಿನವರೇ ಇದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಸ್ಕೂಟಿಯ ಸ್ಟ್ಯಾಂಡ್ ಹಾಕಿದೆ. ಕೇರಿಯ ಬಾಯಿಯಲ್ಲಿ ಮಾವ ಬಂದು ನಿಂತದ್ದು ಕಾಣಿಸಿತು. ಈ ಸಲ ಅವರು ಸನ್ನೆ ಮಾಡಲಿಲ್ಲ. ನಾನು ಹೋಗಿ ಕಟ್ಟೆಯ ಮೇಲೆ, ಕಾಕಾ ಕೂಡುತ್ತಿದ್ದ ಜಾಗದಲ್ಲೇ ಕುಳಿತೆ. ಕಲ್ಲು ಬಿಸಿಲಿಗೆ ಕಾದಿತ್ತು.

"ದ್ರಾಕ್ಷಿ ಹೆಂಗೈತ್ರಿ ಈ ಸಲ?" ಎಂದೆ. ತಂಬಾಕು ತಿಕ್ಕುತ್ತಿದ್ದ ಮುದುಕರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಮಳೆಯ ಮಾತಾಡಿದೆವು, ಕುರಿಯ ಮಾತಾಡಿದೆವು. ಆಮೇಲೆ ನಾನು ಕೇಳಿದೆ.

"ಅಲ್ರೀ, ಮೊನ್ನೆ ಆ ಅಂಗಡಿಯಾವ ಸಾಕ್ಷಿ ಹೇಳಿ ಬಂದಾಗ ಮೊದಲ ಯಾರು ನಕ್ರಿ?"

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೂ ಗಡಿಬಿಡಿ ಇರಲಿಲ್ಲ. ಚಪ್ಪಲಿ ಬಿಚ್ಚಿ ಕೆಳಗಿಟ್ಟು, ಕಾಲು ಮಡಚಿ ಕಟ್ಟೆಯ ಮೇಲೆ ಸರಿಯಾಗಿ ಕುಳಿತುಕೊಂಡೆ.